ಅಂದಾನೆಪ್ಪನ ಗೇಣು, ಹಜರತಸಾಬರ ಹೊಟ್ಟೆ

ಬೈಲಹೊಂಗಲದ ಹಜರತಸಾಬರಿಗೂ ಕುರ್ಚಿಗೂ ಆಗಿಬರುವುದಿಲ್ಲ. ಕುರ್ಚಿ ಇಟ್ಟಲ್ಲೇ ಇರುತ್ತದೆ ಎಂಬುದು ಅವರ ತಕರಾರು. ಮೂರು ದಶಕಕ್ಕೂ ಮೀರಿ ಸರಕಾರಿ ಬಸ್ಸು ಓಡಿಸಿದವರು. ಕೆಳಗೆ ಇಂಜಿನ್ನು ನಡುಗುತ್ತಿದ್ದರೆ ಮಾತ್ರ ಅವರಿಗೆ ಕುಳಿತಂತೆ ಅನ್ನಿಸುತ್ತಿತ್ತು. ನಿವೃತ್ತರಾದ ದಿನ ಗೆಳೆಯರು ಹಾರ ಹಾಕಿ, ಶಾಲು ಹೊದಿಸಿ, ಅಷ್ಟಕ್ಕೇ ಬಿಡದೆ ಒಂದು ಆರಾಮಕುರ್ಚಿಯನ್ನೂ ಕಾಣಿಕೆ ಕೊಟ್ಟರು. ಹಜರತಸಾಬರು ಅದನ್ನು ಮನೆಗೆ ತಂದವರೇ ಮಾಳಿಗೆಗೆ ಸಾಗಿಸಿದರು. ಈಗ ಅವರ ಹೆಂಡತಿ ಮಕ್ತುಮಬಿ ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಾಳೆ.

ನಿವೃತ್ತಿಯ ಮೊದಲ ದಿನಗಳಲ್ಲಿ ಅವರು ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ಹೊರಡುವ ಬಸ್ಸುಗಳ ಗಾಲಿಗೆ ಕಾಲಿನಿಂದ ಒದ್ದು ಗಾಳಿ ನೋಡುತ್ತಿದ್ದರು. ಹೊಸ ಡ್ರೈವರುಗಳಿಗೆ ರಾಮದುರ್ಗದ ರಸ್ತೆಯ ತಿರುವುಗಳ ಬಗ್ಗೆ ಪಾಠ ಹೇಳುತ್ತಿದ್ದರು. ಆ ತಿರುವುಗಳಿಗೆ ಸರಕಾರ ಹೆಸರಿಟ್ಟಿಲ್ಲ, ಹಜರತಸಾಬರು ಇಟ್ಟಿದ್ದರು. ಸ್ವಲ್ಪ ದಿನಕ್ಕೆ ಡ್ರೈವರುಗಳು ಅವರನ್ನು ಕಂಡರೆ ಬಸ್ಸಿನ ಆಚೆ ಮಗ್ಗಲಿಗೆ ಸರಿದು ಬೀಡಿ ಸೇದತೊಡಗಿದರು. ಹಜರತಸಾಬರು ಮನೆಗೆ ಬಂದು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು.

"ಹೊರಡೂಣೇನು?" ಎಂದು ಹೆಂಡತಿಯನ್ನು ಕೇಳುತ್ತಿದ್ದರು.

"ಎಲ್ಲಿಗ್ರಿ?"

"ಎಲ್ಲಿಗಾರ."

ಇದನ್ನೆಲ್ಲ ನೋಡಿದ ಮಗ ನಾಸಿರ ಒಂದು ಉಪಾಯ ಹೂಡಿದ. ಅವನದು ಬಜಾರದಲ್ಲಿ ಕಿರಾಣಿ ಅಂಗಡಿ. "ಅಬ್ಬಾ, ಸುಮ್ನ ಅಂಗಡ್ಯಾಗ ಬಂದು ಗಲ್ಲಾದ ಮುಂದ ಕುಂದರ್ರಿ. ಫ್ಯಾನ್ ಐತಿ, ಪೇಪರ್ ಬರತೈತಿ" ಎಂದ. ಹಜರತಸಾಬರು ಒಂದು ಮುಂಜಾನೆ ಹೋಗಿ ಕುಳಿತೂ ಬಂದರು. ಬಂದವರು ಮೂರು ದಿನ ಸೊಂಟ ಹಿಡಿದಿದೆ ಎಂದು ಓಡಾಡಿದರು. ಓಡಾಡಿದರು ಎಂಬುದನ್ನು ಗಮನಿಸಬೇಕು.

ಆಮೇಲೆ ಅವರು ಯಾರಿಗೂ ಹೇಳದೆ ಒಂದು ಹಳೇ ಮೆಟಾಡೋರ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರು. ಮದುವೆ ಮೆರವಣಿಗೆಯ ಬ್ಯಾಂಡಿನವರ ಗಾಡಿ ಅದು. ಎರಡೂ ಮಗ್ಗಲಿಗೆ ಪೀಪಿ ಊದುವ ಮನುಷ್ಯನ ಚಿತ್ರ ಇನ್ನೂ ಇತ್ತು. ಅದರೊಳಗೆ ಮಂಚ ಹಾಕಿಸಿ, ಮೇಲೆ ನೀರಿನ ಡ್ರಮ್ಮು ಕಟ್ಟಿಸಿ, ಕಿಟಕಿಗೆ ಪರದೆ ಬಿಟ್ಟು, ಗಾಡಿಯೇ ಮನೆ, ಮನೆಯೇ ಗಾಡಿ ಮಾಡುವುದೆಂದು ತೀರ್ಮಾನವಾಯಿತು. ಓಣಿಯವರು ಅದಕ್ಕೆ 'ಮನಿಗಾಡಿ' ಎಂದು ಹೆಸರಿಟ್ಟರು.

ಮಕ್ತುಮಬಿ ಒಂದೇ ಒಂದು ಕರಾರು ಹಾಕಿದಳು. "ನೆಲಕ್ಕ ಕುಂತು ಏಳಾಕ ನನ್ನ ಮೊಣಕಾಲು ಕೇಳಂಗಿಲ್ಲ. ಸ್ಟೂಲಿನ ಮ್ಯಾಲ ಕುಂತು ರೊಟ್ಟಿ ಬಡಿಯೂವಂಥ ಕಟ್ಟಿ ಮಾಡಸ್ರಿ. ಅದಿದ್ರ ಬರತೇನಿ. ಇಲ್ಲಾಂದ್ರ ನೀವೊಬ್ರ ತಿರಗ್ರಿ." ಕಟ್ಟೆಯ ಅಳತೆಯನ್ನು ಅವಳೇ ದಾರ ಹಿಡಿದು ಬಡಿಗನಿಗೆ ಕೊಟ್ಟಳು. ಮುಂದಿನ ಸೀಟುಗಳ ಬೆನ್ನಿಗೇ, ಆ ಸೀಟುಗಳ ನಡುವೆ ಇಂಜಿನ್ನನ್ನು ಮುಚ್ಚುವ ತಗಡಿನ ಡಬ್ಬಿಗೆ ಅಂಟಿಕೊಂಡಂತೆ ಆ ಕಟ್ಟೆ ಕೂತಿತು. ಇಡೀ ಗಾಡಿಯಲ್ಲಿ ಅಳತೆಗೆ ಸರಿಯಾಗಿದ್ದದ್ದು ಅದೊಂದೇ ಎಂಬುದು ಮುಂದೆ ಗೊತ್ತಾಯಿತು.

ಮೊದಲ ಪ್ರಯಾಣ ಕಿತ್ತೂರಿನ ಕಡೆಗೆ ಹೊರಟಿತು. ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಇಂಜಿನ್ನು ಕರಿ ಹೊಗೆ ಉಗುಳಿ, ಎರಡು ಸಲ ಕೆಮ್ಮಿ, ಸುಮ್ಮನಾಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನಿಗಾಡಿಯನ್ನು ಕಿತ್ತೂರಿನ ಅಂದಾನೆಪ್ಪನ ಗ್ಯಾರೇಜಿಗೆ ಎಳೆದು ತಂದರು. ಅಂದಾನೆಪ್ಪ ಹಜರತಸಾಬರ ಹಳೇ ಗೆಳೆಯ. ಆಳು ಎತ್ತರ, ಕೈ ಮೊರದಷ್ಟು ಅಗಲ, ಮಾತು ಅದಕ್ಕಿಂತ ಅಗಲ. ಇಂಜಿನ್ನು ಬಿಚ್ಚಿ ಒಳಗೆ ಕಣ್ಣು ಹಾಯಿಸಿದ.

"ಹಜರತಣ್ಣಾ, ಇದನ್ನ ಮಣ್ಣ ಮಾಡೂದೊಂದ ಉಳದೈತಿ. ಬ್ಯಾರೆ ಇಂಜಿನ್ ಕೂಡ್ರಸೂಣು."

ಸುದ್ದಿ ಕೇಳಿ ನಾಸಿರ ಅಂಗಡಿಯಿಂದಲೇ ತೀರ್ಪು ಕೊಟ್ಟ. ರಂಜಾನಿನ ಚಂದ್ರ ಕಾಣುವುದರೊಳಗೆ ಗಾಡಿ ಓಡಬೇಕು. ಓಡದಿದ್ದರೆ ಗಾಡಿ ಗುಜರಿಗೆ, ಅಬ್ಬಾ ಗಲ್ಲಾಕ್ಕೆ. ಹಜರತಸಾಬರು ಹೂಂ ಅಂದುಬಿಟ್ಟರು. ಅವರ ಪ್ರಕಾರ ಇಂಜಿನ್ನು ಬದಲಿಸುವುದೆಂದರೆ ಅಂಗಿ ಬದಲಿಸಿದಷ್ಟೇ.

ಮಾರನೇ ದಿನದಿಂದ ಅವರು ಬೈಲಹೊಂಗಲದಿಂದ ಕಿತ್ತೂರಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದರು. ಬಸ್ಸಿನಲ್ಲಿ ಡ್ರೈವರನ ಪಕ್ಕ ನಿಂತೇ ಹೋಗುತ್ತಿದ್ದರು. "ಮೂರನೇ ಗೇರ್ ಹಾಕು, ಮೂರನೇ ಗೇರು" ಎಂದು ಪಿಸುಗುಡುತ್ತಿದ್ದರು. ಗ್ಯಾರೇಜಿಗೆ ಬಂದರೆ ಅಂದಾನೆಪ್ಪ ಟ್ರ್ಯಾಕ್ಟರಿನ ಅಡಿಯಲ್ಲಿರುತ್ತಿದ್ದ. ಹಜರತಸಾಬರು ಅವನ ಕಾಲುಗಳ ಜೊತೆ ಮಾತಾಡುತ್ತಿದ್ದರು. ಮಾತು ಮುಗಿದರೆ ಹೆದ್ದಾರಿಯವರೆಗೆ ಹೋಗಿ, ಲಾರಿಗಳನ್ನು ನೋಡಿ, ಮತ್ತೆ ಬಂದು ಅದೇ ಕಾಲುಗಳ ಜೊತೆ ಮುಂದುವರಿಸುತ್ತಿದ್ದರು.

ಅಳತೆಯ ಪ್ರಸಂಗ ನಡೆದದ್ದು ಆಗಲೇ. ಹುಬ್ಬಳ್ಳಿಯ ಗುಜರಿ ಬಜಾರದಲ್ಲಿ ಒಂದು ಇಂಜಿನ್ನು ಇದೆಯೆಂದು ಗೊತ್ತಾಗಿ ಅಂದಾನೆಪ್ಪ ಅಲ್ಲಿಗೆ ಹೋಗಿದ್ದ. ಅಲ್ಲಿಂದ ಫೋನ್ ಮಾಡಿದ.

"ಅಣ್ಣಾ, ಡಬ್ಬಿ ಅಗಲ ಎಷ್ಟೈತಿ ನೋಡಿ ಹೇಳ್ರಿ. ಗ್ವಾಡಿಗೆ ಟೇಪ್ ನೇತಹಾಕೇನಿ."

ಹಜರತಸಾಬರಿಗೆ ರೇಗಿತು. "ಟೇಪ್ ಹಿಡಿಯೂದು ದರ್ಜಿ ಕೆಲಸ, ಅಂದಾನಿ. ನಾ ಗೇಣಿನ್ಯಾಗ ಅಳದು ಎರಡು ಲಾರಿ ನಡುವ ಬಸ್ ತೂರಸಿದಾಂವ."

"ಅದೂ ಖರೇನ. ನಮ್ಮಪ್ಪನೂ ಚಕ್ಕಡಿ ಅಚ್ಚು ಗೇಣಿನ್ಯಾಗ ಅಳೀತಿದ್ದ. ಟೇಪ್ ಇಲ್ಲಾ ಏನಿಲ್ಲಾ. ಹೇಳ್ರಿ."

ಹಜರತಸಾಬರು ಗಾಡಿ ಹತ್ತಿ, ಇಂಜಿನ್ನಿನ ಡಬ್ಬಿ ತೆಗೆದು, ಅದರ ಅಗಲಕ್ಕೆ ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ಹಾಕಿದರು. ನಾಲ್ಕು ಗೇಣು. ಅಂದಾನೆಪ್ಪ ಹುಬ್ಬಳ್ಳಿಯಲ್ಲಿ ಇಂಜಿನ್ನಿಗೆ ತನ್ನ ಗೇಣು ಹಾಕಿದ. ನಾಲ್ಕಕ್ಕೆ ಎರಡು ಬೆರಳು ಕಡಿಮೆ. ಎರಡು ಬೆರಳಿನ ಗಾಳಿ ಆಡಲು ಜಾಗ ಉಳಿಯಿತಲ್ಲ ಎಂದು ಇಬ್ಬರೂ ಫೋನಿನಲ್ಲಿ ಒಬ್ಬರನ್ನೊಬ್ಬರು ಹೊಗಳಿಕೊಂಡರು.

ಇಂಜಿನ್ನು ಬಂತು. ಗ್ಯಾರೇಜಿನ ತೊಲೆಗೆ ಚೈನ್‌ಕಪ್ಪಿ ಕಟ್ಟಿ, ಮುಂದಿನ ಜಾಳಿಗೆ ಬಿಚ್ಚಿ, ಹಳೆಯದನ್ನು ಎಳೆದು ಹೊರಗಿಟ್ಟರು. ಹೊಸದನ್ನು ಎತ್ತುವ ಮೊದಲು ಹಜರತಸಾಬರು ನಿಂಬೆಹಣ್ಣು ನಿವಾಳಿಸಿದರು, ಅಂದಾನೆಪ್ಪ ಕಾಯಿ ಒಡೆದ, ಇಬ್ಬರೂ ಅವರವರ ದೇವರಿಗೆ ಕೈಯೆತ್ತಿದರು. ಚೈನು ಕಟಕಟ ಎನ್ನುತ್ತ ಇಳಿಯಿತು. ಹಜರತಸಾಬರು ಎಡಕ್ಕೆ ಓಡಿ "ಬಲಕ್ಕ, ಬಲಕ್ಕ" ಎಂದರು. ಬಲಕ್ಕೆ ಓಡಿ "ಎಡಕ್ಕ" ಎಂದರು. ಇಂಜಿನ್ನು ಬುಡದ ರಬ್ಬರುಗಳ ಮೇಲೆ ಕೂತಿತು. ಬೋಲ್ಟು ಬಿಗಿಯಿತು. ಅಂದಾನೆಪ್ಪ ತಗಡಿನ ಡಬ್ಬಿಯನ್ನು ತಂದು ಮುಚ್ಚಲು ಹೋದ. ಡಬ್ಬಿ ಮುಚ್ಚಲಿಲ್ಲ. ಡ್ರೈವರನ ಕಡೆಗೆ, ಡೀಸೆಲ್ ಪಂಪಿರುವ ಮಗ್ಗಲು, ಬಸುರಿ ಹೊಟ್ಟೆಯ ಹಾಗೆ ಹೊರಗೆ ಉಬ್ಬಿತ್ತು.

"ಎರಡು ಬೆರಳು ಕಡಿಮಿ ಅಂದಿದ್ದಿ!"

"ನಾಕು ಗೇಣು ಐತಿ ಅಂದೋರು ನೀವ!"

ಅವರಿಬ್ಬರೂ ಸ್ವಲ್ಪ ಹೊತ್ತು ಇಂಜಿನ್ನನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ಅಂದಾನೆಪ್ಪ ಅಂಗೈ ಮುಂದೆ ಚಾಚಿದ. ಹಜರತಸಾಬರು ಮನಸ್ಸಿಲ್ಲದೆ ತಮ್ಮದನ್ನು ಅದಕ್ಕೆ ತಾಗಿಸಿದರು. ಬೆರಳ ಬುಡಗಳು ಒಂದೇ ಕಡೆ ಇದ್ದವು. ತುದಿಗಳಲ್ಲಿ ಅಂದಾನೆಪ್ಪನವು ಹಜರತಸಾಬರನ್ನು ದಾಟಿ ಮುಂದಿನ ಊರಿಗೆ ಹೊರಟಂತಿದ್ದವು. ಅಷ್ಟು ದೊಡ್ಡ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ ಇಷ್ಟು ಪುಟ್ಟದು ಎಂದು ಹಜರತಸಾಬರಿಗೆ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ಗೋಡೆಯ ಮೇಲೆ ಟೇಪು ನೇತಾಡುತ್ತಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

ಗುಜರಿಯವನು ಕೊಟ್ಟ ಮಾಲು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ. ಅಂದಾನೆಪ್ಪ ಡಬ್ಬಿಗೆ ತಗಡು ಬೆಸೆದು ಹೊಟ್ಟೆ ಮಾಡಿದ. ಡ್ರೈವರನ ಸೀಟನ್ನು ಬಾಗಿಲಿನ ಕಡೆಗೂ ಮುಂದಕ್ಕೂ ಒತ್ತಿ ಬಿಗಿದ. ಇಂಜಿನ್ನು ಒಂದೇ ಏಟಿಗೆ ಹತ್ತಿತು. ಸದ್ದು ಕೇಳಿ ಹಜರತಸಾಬರ ಕಣ್ಣು ತುಂಬಿತು. "ದೇಗಾಂವದ ತನಕ ನೋಡ್ಕೊಂಡು ಬರೂಣು" ಎಂದು ಉಸಿರು ಬಿಗಿಹಿಡಿದು ಸೀಟಿಗೆ ಇಳಿದರು.

ಉಸಿರು ಹಿಡಿದಿರುವ ತನಕ ಎಲ್ಲ ಸರಿಯಿತ್ತು. ಬಿಟ್ಟ ಕೂಡಲೇ ಅವರ ಹೊಟ್ಟೆ ಸ್ಟೇರಿಂಗಿನ ನಡುವಿನ ಹಾರ್ನಿಗೆ ಒತ್ತಿತು. ಒಂದು ಕಡೆ ಇಂಜಿನ್ನಿನ ಹೊಟ್ಟೆ, ಇನ್ನೊಂದು ಕಡೆ ಬಾಗಿಲು, ಮುಂದೆ ಸ್ಟೇರಿಂಗು. ಹಜರತಸಾಬರ ಹೊಟ್ಟೆಗೆ ಹೋಗಲು ಬೇರೆ ದಾರಿಯಿರಲಿಲ್ಲ. ಕಿತ್ತೂರಿನಿಂದ ದೇಗಾಂವದವರೆಗೆ ಹಾರ್ನು ನಿಲ್ಲಲಿಲ್ಲ. ತಿರುವುಗಳಲ್ಲಿ ರಾಗ ಬದಲಾಗುತ್ತಿತ್ತು, ಅಷ್ಟೇ. ಕಮಲನಾರಾಯಣ ಗುಡಿಯ ಹತ್ತಿರ ಜನ ಹೊರಗೆ ಬಂದರು. ಗಾಡಿಯ ಮೇಲೆ ಪೀಪಿ ಊದುವವನ ಚಿತ್ರ ಬೇರೆ.

"ಯಾರ ಮದಿವಿರೀ?" ಎಂದು ಒಬ್ಬ ಮುದುಕಿ ಕೇಳಿದಳು. "ಹುಡುಗಿ ಎಲ್ಲಿ?"

"ಟ್ರಾಯಲ್ ಐತವ್ವಾ, ಟ್ರಾಯಲ್" ಎಂದ ಪಕ್ಕದಲ್ಲಿದ್ದ ಅಂದಾನೆಪ್ಪ.

"ಈಗಿನವರು ಅದನ್ನೂ ಟ್ರಾಯಲ್ ಮಾಡತಾರೇನ?" ಎಂದು ಮುದುಕಿ ಒಳಗೆ ಹೋದಳು.

ಗ್ಯಾರೇಜಿಗೆ ಮರಳಿದಾಗ ಮಕ್ತುಮಬಿ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದಳು. ಜೊತೆಗೆ ಮಗಳು ಮುಸ್ಕಾನ್ ಇದ್ದಳು. ಅವಳು ಸವದತ್ತಿಯ ಒಂದು ಆಸ್ಪತ್ರೆಯಲ್ಲಿ ನರ್ಸು, ಕಡ್ಡಿಯಂಥ ಹುಡುಗಿ. ಗಾಡಿ ಕಾಣಿಸುವ ಎಷ್ಟೋ ಮೊದಲೇ ಅವರಿಗೆ ಅದು ಕೇಳಿಸಿತ್ತು.

ಹಜರತಸಾಬರನ್ನು ಸೀಟಿನಿಂದ ಬಿಡಿಸಲು ಇಬ್ಬರು ಬೇಕಾದರು. ನೀರು ಕುಡಿದ ಮೇಲೆ ಅಂದಾನೆಪ್ಪ ಗಂಟಲು ಸರಿಮಾಡಿಕೊಂಡ.

"ಎರಡ ದಾರಿ ಅದಾವಣ್ಣಾ. ಇಂಜಿನ್ ಹಿಂದಕ್ಕ ಸರಸಿದ್ರ ನಿಮ್ಮ ಸೀಟು ಮೊದ್ಲಿನಂಗ ಆಗತೈತಿ. ಆದ್ರ ವೈನಿ ರೊಟ್ಟಿ ಬಡಿಯೂ ಕಟ್ಟಿ ಕತ್ತರಸಬೇಕು, ಒಲಿಗೆ ಅಷ್ಟ ಜಾಗ ಉಳೀತೈತಿ. ಇಲ್ಲಾ, ಹಿಂಗ ಬಿಟ್ರ, ಸಣಕಲು ಮಂದಿ ಯಾರರ ಗಾಡಿ ಹೊಡೀಬೇಕು."

"ಕತ್ತರಸು" ಎಂದರು ಹಜರತಸಾಬರು. ಎರಡನೇ ದಾರಿ ಅವರ ಕಿವಿಗೇ ಬಿದ್ದಿರಲಿಲ್ಲ.

ಮಕ್ತುಮಬಿ ಸಿಟ್ಟಾಗಲಿಲ್ಲ, ಅದೇ ಕಷ್ಟಕ್ಕೆ ಬಂತು. ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿ ಬಡಿಸುತ್ತ ಹೇಳಿದಳು: "ಕತ್ತರಸ್ರಿ. ನೆಲಕ್ಕ ಕುಂತು ಏಳೂದು ನನ್ನ ಕಡಿಂದ ಆಗಂಗಿಲ್ಲ. ನೀವು ಒಬ್ರ ಹೋಗಿ ಬರ್ರಿ. ನಾ ಮನ್ಯಾಗ ಇರತೇನಿ. ಆರಾಮಕುರ್ಚಿ ಹೆಂಗಿದ್ರೂ ಐತಿ."

ಹಜರತಸಾಬರು ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಎದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಹೆದ್ದಾರಿಯವರೆಗೆ ಹೋದರು. ಲಾರಿಗಳು ಹೋಗುತ್ತಿದ್ದವು, ಒಬ್ಬೊಬ್ಬ ಡ್ರೈವರನೂ ಒಬ್ಬನೇ ಕೂತಿದ್ದ. ಒಬ್ಬರೇ ಓಡಿಸಿದರೆ ಹೇಗಿರುತ್ತದೆ ಎಂದು ನೆನೆಸಿಕೊಂಡರು. ಇಷ್ಟು ವರ್ಷ ಅವರ ಬೆನ್ನ ಹಿಂದೆ ಯಾವಾಗಲೂ ಮಂದಿ ಇದ್ದರು: ಕೋಳಿ ಹಿಡಿದವರು, ಜಗಳಾಡುವವರು, ಕೂಸು ಅಳಿಸುವವರು. ಒಂದೊಂದು ಸಲ ರಾತ್ರಿ ಪಾಳಿ ಮುಗಿಸಿ ಖಾಲಿ ಬಸ್ಸನ್ನು ಡಿಪೋಕ್ಕೆ ತರುವಾಗ ಅದು ಹೊಂಡ ಹೊಂಡಕ್ಕೂ ಜಿಗಿಯುತ್ತಿತ್ತು. ಭಾರ ಇಲ್ಲದ ಗಾಡಿ ಹಾಗೇ. ಎಲುಬೆಲ್ಲ ಅಲ್ಲಾಡಿಸುತ್ತದೆ.

ಮರಳಿ ಬಂದರು. ಕಟ್ಟೆಯನ್ನು ನೋಡಿದರು. ಸೀಟನ್ನು ನೋಡಿದರು. ಒಂದು ಸಲ ಸೀಟಿನಲ್ಲಿ ಓರೆಯಾಗಿ ಕೂರಲು ನೋಡಿದರು, ಹಾರ್ನು ಆಯಿತು. ಇಳಿದು ಮತ್ತೆ ಹೆದ್ದಾರಿಗೆ ಹೋದರು. ಅಂದಾನೆಪ್ಪ ಹ್ಯಾಕ್ಸಾ ಬ್ಲೇಡು ಕೈಯಲ್ಲಿ ಹಿಡಿದು ಕಾದ. ಮಕ್ತುಮಬಿ ಡಬ್ಬಿ ತೊಳೆದು ಚೀಲದಲ್ಲಿಟ್ಟಳು. ಮುಸ್ಕಾನ್ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಇಲ್ಲಿ ಮುಸ್ಕಾನಳ ಸಂಗತಿ ಹೇಳಬೇಕು. ಅವಳು ಕಾಲೇಜಿನಲ್ಲಿದ್ದಾಗ ಗಾಡಿ ಕಲಿಸಿರಿ ಎಂದು ಅಪ್ಪನಿಗೆ ಗಂಟುಬಿದ್ದಿದ್ದಳು. ಹಜರತಸಾಬರು ಅಂಗಳದಲ್ಲಿ ಮೂರು ಇಟ್ಟಂಗಿ ಸಾಲಾಗಿ ಇಟ್ಟು, ಇದು ಕ್ಲಚ್ಚು, ಇದು ಬ್ರೇಕು, ಇದು ಎಕ್ಸಿಲೇಟರ್ ಎಂದು ತೋರಿಸಿ, ಸ್ಟೇರಿಂಗಿಗೆ ಬದಲು ಕೈಗೆ ಊಟದ ತಾಟು ಕೊಟ್ಟು, "ಮೊದ್ಲ ಇದರ ಮ್ಯಾಲ ಕಲಿ" ಎಂದಿದ್ದರು. ತಾಟಿನಿಂದ ಮುಂದಕ್ಕೆ ಪಾಠ ಹೋಗಲೇ ಇಲ್ಲ. ಕೆಲಸ ಸಿಕ್ಕ ಮೇಲೆ ಅವಳು ಸವದತ್ತಿಯಲ್ಲಿ ಬೇರೆ ಕಡೆ ಕಲಿತು ಲೈಸೆನ್ಸ್ ತೆಗೆದುಕೊಂಡಳು. ಹಜರತಸಾಬರು ಆ ಲೈಸೆನ್ಸನ್ನು ಓಣಿಯವರಿಗೆಲ್ಲ ತೋರಿಸಿ, "ನನ್ನ ಕೈಯಾಗ ಕಲತ ಶಾಗಿರ್ದ" ಎಂದು ಹೇಳಿಕೊಂಡರು. ಮನಿಗಾಡಿ ಬಂದ ಮೇಲೂ ಅದರ ಕೀಲಿಯನ್ನು ಮಾತ್ರ ಒಮ್ಮೆಯೂ ಕೊಡಲಿಲ್ಲ.

ಮೂರನೇ ಸಲ ಹೆದ್ದಾರಿಯಿಂದ ಬಂದವರು ಅಂದಾನೆಪ್ಪನ ಮುಂದೆ ಎದೆ ಸೆಟೆದು ನಿಂತರು.

"ಅಂದಾನಿ, ಡಿಸಿ ಸಾಹೇಬ್ರು ತಮ್ಮ ಗಾಡಿ ತಾವ ಹೊಡೆದದ್ದು ನೋಡೀಯೇನು?"

"ಇಲ್ಲಣ್ಣಾ."

"ಮಂತ್ರಿಗೋಳು?"

"ಅವರೂ ಹಿಂದ ಕುಂದರತಾರ."

"ಮತ್ತ? ನಾ ಏನು ಕಡಿಮಿ? ಬ್ಲೇಡ್ ಒಳಗ ಇಡು. ಮುಸ್ಕಾನ್, ಹಿಡಿ ಕೀಲಿ." ಕೀಲಿ ಕೊಟ್ಟ ಕೈ ಸ್ವಲ್ಪ ಹೊತ್ತು ಅದನ್ನು ಬಿಡಲಿಲ್ಲ. ಮುಸ್ಕಾನ್ ಮೆಲ್ಲಗೆ ಎಳೆದುಕೊಳ್ಳಬೇಕಾಯಿತು. "ತಾಟಿನ ಮ್ಯಾಲ ಹೇಳಿಕೊಟ್ಟದ್ದೆಲ್ಲಾ ನೆನಪೈತಿಲ್ಲೋ?"

"ಐತಿ ಅಬ್ಬಾ" ಎಂದಳು ಅವಳು. ಮಕ್ತುಮಬಿ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದಳು. ಮುಖ ಮೇಲೆತ್ತಲು ಬಹಳ ಹೊತ್ತು ಹಿಡಿಯಿತು.

ಇಂಜಿನ್ ಬದಲಿಸಿದ ಕಾಗದಪತ್ರ ಮಾಡಿಸಿಕೊಡುವ ಹೊಣೆ ಅಂದಾನೆಪ್ಪ ಹೊತ್ತ. ಚಂದ್ರ ಕಾಣುವುದಕ್ಕೆ ಇನ್ನೂ ಒಂದು ವಾರ ಇರುವಾಗ, ಮುಸ್ಕಾನಳ ರಜೆಯ ದಿನ, ಮನಿಗಾಡಿ ಬೈಲಹೊಂಗಲದಿಂದ ಹೊರಟಿತು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಮಕ್ತುಮಬಿಯ ತಂಗಿ ಇದ್ದಾಳೆ. ಬಸ್ಸು ಬದಲಿಸಿ ಬದಲಿಸಿ ಹೋಗಲಾರದೆ ಆಕೆಯನ್ನು ನೋಡಿ ಬಹಳ ಕಾಲವಾಗಿತ್ತು. ಗಾಡಿ ಬಜಾರದಲ್ಲಿ ಹಾದುಹೋಗುವಾಗ ನಾಸಿರ ಸಕ್ಕರೆ ತೂಗುತ್ತ ಬಾಯಿ ತೆರೆದು ನಿಂತ. ಹಿಂದಿನ ಕಿಟಕಿಯ ಪರದೆ ಸರಿಸಿ ಹಜರತಸಾಬರು ಆರಿಸಿ ಬಂದವರಂತೆ ಕೈ ಬೀಸಿದರು.

ಅಷ್ಟೇ ಅವರ ಸುಖ. ಊರು ದಾಟಿದ ಮೇಲೆ ನರಕ ಶುರುವಾಯಿತು. ಮಂಚದ ಅಂಚಿಗೆ ತುದಿಗಾಲಲ್ಲಿ ಕುಳಿತು, ಕಟ್ಟೆಯ ಮೇಲಿಂದ ಕುತ್ತಿಗೆ ಚಾಚಿ ರಸ್ತೆ ನೋಡತೊಡಗಿದರು.

"ಎಮ್ಮಿ! ಎಮ್ಮಿ ಐತಿ!"

"ನೋಡೇನಿ ಅಬ್ಬಾ."

"ಅದು ನಿನ್ನ ನೋಡಿಲ್ಲ! ಗೇರ್ ಇಳಸು. ಬ್ರೇಕ್! ಬ್ರೇಕ್!"

ಬಲಗಾಲು ತನ್ನಷ್ಟಕ್ಕೆ ತಾನೇ ಮುಂದೆ ಹೋಗಿ ನೆಲಕ್ಕೆ ಒತ್ತಿತು. ನೆಲದ ಬದಲು ಏನೋ ಸಿಕ್ಕಿತು. 'ಟಕ್' ಅಂದಿತು. ಹಜರತಸಾಬರು ಬಗ್ಗಿ ನೋಡಿದರು. ಮಂಚದ ಮುಂದೆ, ಸರಿಯಾಗಿ ಅವರ ಬಲಗಾಲು ಬೀಳುವ ಕಡೆ, ಹಳೇ ಬ್ರೇಕಿನ ಪೆಡಲೊಂದನ್ನು ಸ್ಪ್ರಿಂಗು ಸಮೇತ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು.

"ಇದ್ಯಾರು ಹಾಕಿದ್ದು?"

"ಅಂದಾನೆಪ್ಪ ಕಾಕಾ" ಎಂದಳು ಮುಸ್ಕಾನ್ ರಸ್ತೆಯಿಂದ ಕಣ್ಣು ಕೀಳದೆ. "ನಾನ ಹೇಳಿ ಹಾಕಸಿದೆ."

ಹಜರತಸಾಬರು ಅದರ ಅಡಿಗೆ ಕೈ ಹಾಕಿ ತಡವಿದರು. "ಇದರ ಕನೆಕ್ಷನ್ ಎಲ್ಲೈತಿ?"

"ನಂಗ ನೀವು ಇಟ್ಟಂಗಿ ಕೊಟ್ಟಿದ್ರಿ ಅಬ್ಬಾ. ನಾ ಪೆಡಲ್ ಆದ್ರೂ ಕೊಟ್ಟೇನಿ."

"ಸುಮ್ಕ ಒತ್ರಿ" ಎಂದಳು ಮಕ್ತುಮಬಿ. ಅವಳು ಸ್ಟೂಲಿನ ಮೇಲೆ ಕುಳಿತು, ಕಟ್ಟೆಗೆ ಮೊಣಕೈ ಊರಿ, ಅವರೆಕಾಯಿ ಸುಲಿಯುತ್ತಿದ್ದಳು.

ಹಜರತಸಾಬರಿಗೆ ಭಾರೀ ಅವಮಾನವಾಯಿತು. ಅವಮಾನ ಮುಂದಿನ ರೋಡ್ ಹಂಪಿನ ತನಕ ನಡೆಯಿತು. ಹಂಪು ಬಂದಾಗ ಕಾಲು ಒತ್ತಿತು, ಟಕ್ ಅಂದಿತು, ಗಾಡಿ ನಿಧಾನವಾಯಿತು. "ನೋಡಿದ್ರಿ?" ಎಂದು ಅವರು ಅತ್ತಿತ್ತ ನೋಡಿದರು. ಯಾರೂ ಅಲ್ಲ ಅನ್ನಲಿಲ್ಲ. ಆಮೇಲೆ ಅವರು ಪ್ರತಿ ಹಂಪಿಗೂ, ಪ್ರತಿ ಎಮ್ಮೆಗೂ, ಎದುರು ಬಂದ ಪ್ರತಿ ಕಬ್ಬಿನ ಟ್ರ್ಯಾಕ್ಟರಿಗೂ ಬ್ರೇಕು ಹಾಕುತ್ತ, ಬೆವರು ಒರೆಸಿಕೊಳ್ಳುತ್ತ ಗಾಡಿಯನ್ನು ಕಾಪಾಡಿಕೊಂಡು ಬಂದರು.

ರಸ್ತೆ ಚಚಡಿಯ ಕಡೆ ಸುತ್ತು ಹಾಕಿತು. ಆ ದಾರಿಯಲ್ಲಿ ಎಷ್ಟು ಸಲ ಬಸ್ಸು ತಂದಿದ್ದರೆಂಬುದು ಅವರಿಗೇ ತಿಳಿಯದು. ಆದರೆ ಡ್ರೈವರನ ಕಣ್ಣು ಮುಂದೆ ಇರುತ್ತದೆ. ಹತ್ತುವವರು, ಇಳಿಯುವವರು, ಗಡಿಯಾರ. ಪಕ್ಕಕ್ಕೆ ಹೊರಳಲು ಪುರುಸೊತ್ತಿಲ್ಲ. ಈಗ ಕಿಟಕಿಯ ಪರದೆ ಗಾಳಿಗೆ ಎದ್ದಿತು. ಊರಿನ ಮೇಲೆ ಎತ್ತರದ ಗೋಡೆ, ಕಲ್ಲಿನ ದೊಡ್ಡ ಬಾಗಿಲು, ಗೋಡೆ ಸಂದಿಯಲ್ಲಿ ಬೆಳೆದ ಗಿಡ ಎಲ್ಲ ಒಟ್ಟಿಗೆ ಕಂಡವು.

ಟಕ್.

ಮುಸ್ಕಾನ್ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು.

"ಯಾಕ ನಿಲ್ಲಸಿದಿ?"

"ನೀವ ಬ್ರೇಕ್ ಹಾಕಿದ್ರಲ್ಲ ಅಬ್ಬಾ."

ಹಜರತಸಾಬರು ಪೆಡಲನ್ನು ನೋಡಿದರು, ಮಗಳ ಬೆನ್ನನ್ನು ನೋಡಿದರು. ಇಳಿದು ರಸ್ತೆಯ ಅಂಚಿಗೆ ನಿಂತು ನಡುವಿಗೆ ಕೈಯಿಟ್ಟುಕೊಂಡು ಕೋಟೆಯಂಥ ಆ ಹಳೇ ವಾಡೆಯನ್ನು ನೋಡಿದರು. ಮಕ್ತುಮಬಿ ಒಳಗೆ ಕಟ್ಟೆಯ ಮೇಲೆ ಚಹಾಕ್ಕೆ ಇಟ್ಟಳು.

"ಇದು ಇಲ್ಲೇ ಇತ್ತೇನು?" ಎಂದು ಅವರು ಕೇಳಿದರು.

"ಮತ್ತೆಲ್ಲಿಗೆ ಹೋಗತೈತ್ರಿ?" ಎಂದಳು ಮಕ್ತುಮಬಿ ಒಳಗಿನಿಂದ.

ಚಹಾ ಬಂತು. ಅರ್ಧ ಕಪ್ಪು ಕುಡಿಯುವಷ್ಟು ಹೊತ್ತು ಹಜರತಸಾಬರು ಸುಮ್ಮನೆ ನಿಂತಿದ್ದರು. ಮನೆಯವರು ಆಮೇಲೆ ಇದನ್ನು ಎಷ್ಟೋ ಜನಕ್ಕೆ ಹೇಳಿದರೂ ಯಾರೂ ನಂಬಲಿಲ್ಲ. ಉಳಿದರ್ಧ ಕಪ್ಪು ಮುಗಿಯುವ ಮೊದಲೇ ಅವರ ಪಾದ ಚಡಪಡಿಸತೊಡಗಿತು. ಕಪ್ಪನ್ನು ಕಟ್ಟೆಯ ಮೇಲೆ ಇಟ್ಟು, ಗಾಡಿ ಹತ್ತಿ, ಮಂಚದ ಅಂಚಿಗೆ ಕುಳಿತು, ಪೆಡಲಿನ ಮೇಲಿಂದ ಕಾಲು ತೆಗೆದರು.

"ಬಿಟ್ಟೇನಿ ನೋಡು ಬ್ರೇಕ್" ಎಂದರು. "ಹೊಡಿ ಇನ್ನ. ಮುಂದಿನ ತಿರುವು ಭಾಳ ಕೆಟ್ಟದೈತಿ."